ಫಿಬಾಳ ಪಕ್ಕದ ಜಾಗ

ಸಾಯುವವನಿಗೇನು, ಒಂದು ಮಾತು ಹೇಳಿ ಕಣ್ಣು ಮುಚ್ಚಿಬಿಟ್ಟ. ಆ ಮಾತನ್ನು ಹೊತ್ತುಕೊಂಡು ಒದ್ದಾಡಬೇಕಾದವಳು ಡಾರ್ಕಸ್.

“ನನ್ನನ್ನ ಫಿಬಾ ಪಕ್ಕದಲ್ಲಿ ಮಣ್ಣು ಮಾಡು” ಎಂದಿದ್ದ ಮುದುಕ. ಅಷ್ಟೇ. ಹೆಂಡತಿಯ ಹೆಸರು ಅವನ ಬಾಯಿಂದ ಹೊರಬಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಡಾರ್ಕಸ್ ಅವನ ಹಣೆಯ ಮೇಲಿದ್ದ ಒದ್ದೆ ಬಟ್ಟೆಯನ್ನು ತೆಗೆದು, ಯಾರದೋ ಕತ್ತು ಹಿಚುಕುವವಳಂತೆ ಹಿಂಡಿ, ಮತ್ತೆ ಹಣೆಯ ಮೇಲಿಟ್ಟು ಹೊರಗೆ ಬಂದು ನಿಂತಳು. ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋದರೆ ಅವನು ಹೋಗಿಯೇಬಿಟ್ಟಿದ್ದ. ಮಗಳ ಉತ್ತರ ಕೇಳಿಸಿಕೊಳ್ಳುವಷ್ಟು ಪುರುಸೊತ್ತು ಆ ಮನುಷ್ಯನಿಗೆ ಬದುಕಿದ್ದಾಗಲೂ ಇರಲಿಲ್ಲ, ಸಾಯುವಾಗಲೂ ಇರಲಿಲ್ಲ.

ಊರಿಗೆಲ್ಲ ಅವನು ಅಪ್ಪ. ಹೊರೇಬ್ ಗುಡ್ಡದ ಮೇಲೆ ಹಲ್ಲು ಬಾರದ ಕೂಸಿನಿಂದ ಹಿಡಿದು ಹಲ್ಲು ಉದುರಿದ ಮುದುಕರವರೆಗೆ ಎಲ್ಲರೂ ಜೋಸಾಯ ಟಲಕ್‌ನನ್ನು ಕರೆಯುತ್ತಿದ್ದುದೇ ಹಾಗೆ. ಅವನಿಗೇ ಹುಟ್ಟಿದ ಮಗಳು ಒಬ್ಬಳು ಮಾತ್ರ ಅವನನ್ನು ಟಲಕ್ ಎನ್ನುತ್ತಿದ್ದಳು, ಅದೂ ಮುಖದೆದುರಿಗೇ. ಚರ್ಚಿನ ಸಭೆಯವರು ಮೊದಮೊದಲು ಬೈದರು, ಆಮೇಲೆ ಬುದ್ಧಿ ಹೇಳಿದರು, ಕೊನೆಗೆ ಕಿವಿ ಕೇಳಿಸದವರಂತೆ ಇರುವುದನ್ನು ರೂಢಿ ಮಾಡಿಕೊಂಡರು.

ಅವನ ಕಥೆ ಗುಡ್ಡದಲ್ಲಿ ಯಾರಿಗೂ ಹೊಸದಲ್ಲ. ಗುಲಾಮಗಿರಿಯ ಕಾಲದಲ್ಲಿ ಕೆಳಗಿನ ಬಯಲಿನ ಸಕ್ಕರೆ ತೋಟದಲ್ಲಿ ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಮುಂದೆ ನಿಲ್ಲುತ್ತಿದ್ದವನು ಅವನು. ತೋಟದ ಬಿಳಿಯ ಮೇಸ್ತ್ರಿ, ಪ್ರಾರ್ಥನೆಗೀರ್ಥನೆ ಕೂಡದು ಎಂದ. ಇವನು ಜನ ಕೂಡಿಸಿದ. ಮರದ ಕೋಳಕ್ಕೆ ಕಾಲು ಸಿಕ್ಕಿಸಿ ಚಾಟಿಯಲ್ಲಿ ಬಾರಿಸಿದರೆ, ಏಟಿಗೂ ಏಟಿಗೂ ನಡುವೆ ಕೀರ್ತನೆಯ ಸಾಲು ಹೇಳಿಕೊಟ್ಟ. ಕಬ್ಬಿನ ಗದ್ದೆಯಲ್ಲಿದ್ದವರು ಬಗ್ಗಿಸಿದ ಬೆನ್ನು ಎತ್ತದೆಯೇ ಅದನ್ನು ಹಾಡಿದರು. ಒಂದಕ್ಷರ ಓದಲು ಬಾರದಿದ್ದರೂ ಸುವಾರ್ತೆಯನ್ನು ಅಧ್ಯಾಯಗಟ್ಟಲೆ ಬಾಯಲ್ಲಿ ಇಟ್ಟುಕೊಂಡಿದ್ದ. ಬಿಡುಗಡೆ ಬಂದ ಮೇಲೆ ಜನರನ್ನು ಗುಡ್ಡ ಹತ್ತಿಸಿ, ಕಾಡು ಕಡಿಸಿ, ಊರು ಕಟ್ಟಿದ. ಒಬ್ಬೊಬ್ಬರಿಗೂ ಹೆಗ್ಗೆಣಸು ನೆಡುವಷ್ಟು ನೆಲ, ಒಂದು ಬಾಗಿಲು, ಆ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಅಗುಳಿ. ತೋಟದ ದೊರೆ ಕುದುರೆಯ ಮೇಲೆ ಬಂದರೆ ಟೋಪಿ ತೆಗೆಯಬೇಡಿ ಎಂದು ಕಲಿಸಿದವನೂ ಅವನೇ.

ಆಮೇಲೆ ನಡೆಯಲು ಶುರುಮಾಡಿದ. ಬರಿಗಾಲಲ್ಲಿ ಬೆಟ್ಟ ದಾಟಿ, ಹೊಳೆ ದಾಟಿ, ತೋಟದಿಂದ ತೋಟಕ್ಕೆ. ಅವನು ಹೋದ ಕಡೆಯೆಲ್ಲ ರಮ್ಮಿನ ಅಂಗಡಿಗಳು ಬಾಗಿಲು ಎಳೆದುಕೊಂಡವು, ತಮಟೆಗಳು ಅಟ್ಟ ಸೇರಿದವು, ಮೊಮ್ಮಕ್ಕಳನ್ನು ಕಂಡ ಜೋಡಿಗಳು ನಾಚುತ್ತ ಬಂದು ಪಾದ್ರಿಯ ಮುಂದೆ ಮದುವೆಯಾದವು. ಇದೆಲ್ಲ ನಿಜ. ಡಾರ್ಕಸ್ ಕೂಡ ಸುಳ್ಳೆನ್ನುವುದಿಲ್ಲ. ಅವಳ ಸಿಟ್ಟಿನ ಬೇರು ಇರುವುದೇ ಅಲ್ಲಿ. ಅವನು ಕುಡುಕನೋ ಕಳ್ಳನೋ ಆಗಿದ್ದರೆ ಒಂದು ಸಲ ಥೂ ಎಂದು ಉಗಿದು ಹಗುರಾಗಬಹುದಿತ್ತು.

ಸಭೆಗೆ ಸೇರಿದವರಿಗೆ ಒಂದೊಂದು ಟಿಕೇಟು ಕೊಡುತ್ತಿದ್ದರು, ವಚನ ಅಚ್ಚು ಹಾಕಿದ ಅಂಗೈಯಗಲದ ರಟ್ಟು. ಜನ ಅದನ್ನು ಬಟ್ಟೆಯಲ್ಲಿ ಸುತ್ತಿ ದಿಂಬಿನ ಕೆಳಗೆ ಇಡುತ್ತಿದ್ದರು. ಸತ್ತಾಗ ಕೈಯಲ್ಲಿ ಹಿಡಿಸಿ ಹೂಳುತ್ತಿದ್ದರು. ತಪ್ಪು ಮಾಡಿದವರ ಟಿಕೇಟು ಕಿತ್ತುಕೊಂಡರೆ ಮುಗಿಯಿತು. ಅವರ ಮನೆಯ ಗೆಣಸನ್ನು ಯಾರೂ ಕೊಳ್ಳುವುದಿಲ್ಲ, ಅವರ ಹೆಣಕ್ಕೆ ಚರ್ಚಿನ ಅಂಗಳದಲ್ಲಿ ಜಾಗವಿಲ್ಲ.

ಬೆನ್ನಿ ಡಾರ್ಕಸ್‌ಳ ತಮ್ಮ. ಅವನಿಗೆ ಗಂಟಲು ಕಟ್ಟಿ ಜ್ವರ ಏರಿದಾಗ ಟಲಕ್ ಬೆಟ್ಟದಾಚೆ ಯಾವುದೋ ತೋಟದಲ್ಲಿ ಆತ್ಮಗಳನ್ನು ರಕ್ಷಿಸುತ್ತ ಕೂತಿದ್ದ. ಹೇಳಿ ಕಳಿಸಿದರು. ಮಗು ದೇವರ ಕೈಯಲ್ಲಿದೆ, ಇಲ್ಲಿ ದೀಕ್ಷಾಸ್ನಾನಕ್ಕೆ ಜನ ಕಾದಿದ್ದಾರೆ ಎಂದು ಅವನಿಂದ ಉತ್ತರ ಬಂತು. ದೇವರ ಕೈ ಎಲ್ಲಿದೆಯೋ ಫಿಬಾಳಿಗೆ ಕಾಣಲಿಲ್ಲ. ಕಂಡದ್ದು ಸೊಪ್ಪಿನ ಮದ್ದಿನ ಜೂಬಾ ಮುದುಕಿಯ ಕೈ. ಮುದುಕಿ ಬಂದು ಸೊಪ್ಪು ಕುದಿಸಿ ಮಗುವಿಗೆ ಸ್ನಾನ ಮಾಡಿಸಿ, ಹಳೆಯ ದೇವತೆಗಳನ್ನು ಕರೆದು, ಬೆರಳ ತುದಿಯಿಂದ ಮೆಲ್ಲಗೆ ತಮಟೆ ತಟ್ಟಿದಳು. ಬೆನ್ನಿ ಉಳಿಯಲಿಲ್ಲ. ಅವನು ಹುಟ್ಟಿದಾಗ ಹೊಕ್ಕುಳಬಳ್ಳಿ ಹೂತು ಅದರ ಮೇಲೆ ನೆಟ್ಟಿದ್ದ ತೆಂಗಿನ ಗಿಡ ಹಿತ್ತಲಲ್ಲಿತ್ತು. ಅದರ ಹತ್ತಿರವೇ ತಾಯಿ ಮಗಳು ಸೇರಿ ಮಗುವನ್ನು ಮಣ್ಣು ಮಾಡಿದರು.

ಟಲಕ್ ಬಂದ. ಮಗುವಿನ ಗುಡ್ಡೆಯ ಮುಂದೆ ಮೊಣಕಾಲೂರಿ ಅತ್ತ, ಅದನ್ನು ಇಲ್ಲವೆನ್ನಲಾಗದು. ಅತ್ತು ಎದ್ದವನು ಭಾನುವಾರ ತುಂಬಿದ ಚರ್ಚಿನಲ್ಲಿ ಹೆಂಡತಿಯ ಹೆಸರು ಹಿಡಿದು ಕರೆದ. ತಮಟೆಯ ಮುದುಕಿಯನ್ನು ಹೊಸಿಲು ದಾಟಿಸಿದವಳು ಎಂದ. ಹೆಂಡತಿಯೆಂದು ಇವಳನ್ನು ಬಿಟ್ಟರೆ ನಾಳೆ ಯಾರನ್ನು ಯಾವ ಬಾಯಲ್ಲಿ ಕೇಳಲಿ ಎಂದ. ತನ್ನ ಕೈಯಾರೆ ಅವಳ ಟಿಕೇಟು ತೆಗೆದುಕೊಂಡ. ಫಿಬಾ ಕೊಟ್ಟು, ಸೆರಗಿಲ್ಲದವಳಂತೆ ಎರಡೂ ಕೈ ಎದೆಗೆ ಕಟ್ಟಿಕೊಂಡು ನಡುದಾರಿಯಲ್ಲಿ ನಡೆದು ಹೊರಗೆ ಹೋದಳು. ಅಂದಿನಿಂದ ಅವನು ಚರ್ಚಿನ ಹಿಂದಿನ ಕೋಣೆಯಲ್ಲೇ ಮಲಗತೊಡಗಿದ. ಇವಳು ದಿನಾ ಸಂಜೆ ಹೊಸಿಲ ಮೇಲೆ ಕೂತು ದಾರಿ ನೋಡಿದಳು.

“ಯಾರಿಗೋಸ್ಕರ ಕಾಯ್ತೀಯವ್ವ? ಆ ಕಲ್ಲಿಗೋಸ್ಕರಾನಾ?” ಎಂದು ಡಾರ್ಕಸ್ ಹಲ್ಲು ಕಡಿಯುತ್ತಿದ್ದಳು.

“ಬರ್ತಾನೆ ಕಣೇ. ಅವನು ಎಲ್ಲಾದಕ್ಕೂ ತಡ. ಆದ್ರೆ ಬರ್ತಾನೆ.”

ಬರಲಿಲ್ಲ. ಅವಳೇ ಹೋದಳು.

ಸತ್ತವರನ್ನು ಊರು ಸುತ್ತಿಸಿ, ಎಲ್ಲರಿಗೂ ಹೇಳಿಸಿ, ಆಮೇಲೆ ಮಣ್ಣಿಗೆ ಕೊಡುವುದು ಗುಡ್ಡದ ಪದ್ಧತಿ. ಅದಕ್ಕೆ ಅಂಟಿಕೊಂಡ ಇನ್ನೊಂದು ಹಳೆಯ ನಂಬಿಕೆಯಿದೆ. ಸತ್ತವರಿಗೆ ಯಾರಾದರೂ ಅನ್ಯಾಯ ಮಾಡಿದ್ದರೆ ಪೆಟ್ಟಿಗೆ ಅವರ ಬಾಗಿಲಿಗೆ ಬಂದು ನಿಲ್ಲುತ್ತದೆ. ಹೊತ್ತವರು ಎಷ್ಟು ತಳ್ಳಿದರೂ ಮುಂದಕ್ಕೆ ಹೋಗುವುದಿಲ್ಲ. ಒಳಗಿದ್ದವರು ಹೊರಬಂದು ತಪ್ಪಾಯಿತು ಎಂದರಷ್ಟೇ ಅಲುಗುತ್ತದೆ. ಟಲಕ್‌ಗೆ ಇದೆಂದರೆ ಆಗುತ್ತಿರಲಿಲ್ಲ. ಸೈತಾನನ ಕುಣಿತ ಎನ್ನುತ್ತಿದ್ದ. ಅವನ ಕಾಲದಲ್ಲಿ ಹೆಣ ಹೊತ್ತವರು ಸತ್ತವರಿಗೆ ಬಾಯಿ ಬಿಡಲು ಎಡೆ ಸಿಗದ ಹಾಗೆ ಓಡೋಡಿ ಹೋಗುತ್ತಿದ್ದರು.

ಫಿಬಾಳನ್ನು ಹೊತ್ತವರು ಗುಡ್ಡದ ಕ್ವಾಕೋ ಎಂಬವನು ಮತ್ತು ಅವನ ಗೆಳೆಯರು. ಓಡಲಿಲ್ಲ. ನೆತ್ತಿಯ ಮೇಲೆ ಬಿಸಿಲಿರುವಾಗ ಪೆಟ್ಟಿಗೆ ಚರ್ಚಿನ ಮುಂದೆ ಬಂತು, ನಿಂತಿತು, ತಿರುಗಿತು, ಮುಚ್ಚಿದ ಬಾಗಿಲಿಗೆ ತಲೆಯ ಕಡೆಯಿಂದ ಧಡ್ ಎಂದು ಬಡಿಯಿತು. ಟಲಕ್ ಒಳಗಿದ್ದ. ಇಡೀ ಗುಡ್ಡಕ್ಕೆ ಗೊತ್ತಿತ್ತು ಅವನು ಒಳಗಿದ್ದಾನೆಂದು. ಪೆಟ್ಟಿಗೆ ಕಾಯಿತು. ಹೊತ್ತವರ ಕುತ್ತಿಗೆಯ ನರ ಉಬ್ಬಿ ಬೆವರು ಇಳಿದು ಅಂಗಿ ಮೈಗಂಟಿತು. ಡಾರ್ಕಸ್ ಬಾಗಿಲನ್ನು ಮುಷ್ಟಿ ಕಟ್ಟಿ ಗುದ್ದಿದಳು, “ಅಪ್ಪಾ, ಒಂದು ಮಾತು ಹೇಳು ಸಾಕು” ಎಂದು ಕಿರುಚಿದಳು. ಅವನು ಬದುಕಿದ್ದಾಗ ಅವಳು ಅಪ್ಪ ಎಂದದ್ದು ಅದೇ ಕೊನೆ. ಸೂರ್ಯ ಬೆಟ್ಟದ ಹಿಂದೆ ಸರಿದಾಗ, ಸಭೆಯಲ್ಲಿ ಆಗಷ್ಟೇ ಮೇಲೆ ಬರುತ್ತಿದ್ದ ಎಫ್ರಾಯಿಮ್ ಡೇಕ್ರಿಸ್ ಎಂಬ ಯುವಕ ಚರ್ಚಿನ ಪಕ್ಕದ ಬಾಗಿಲಿಂದ ಹೊರಬಂದ. ಸುಣ್ಣದ ಕಲ್ಲು ಹೇರುವ ಹೇಸರಗತ್ತೆಯ ಗಾಡಿ ಹೊಡೆದುಕೊಂಡು ಬಂದು, ಪೆಟ್ಟಿಗೆಯನ್ನು ಅದರ ಮೇಲೆ ಎಳೆದು ಹಾಕಿ ಮನೆಗೆ ಸಾಗಿಸಿದ. ಫಿಬಾ ಗೆಣಸಿನ ಮೂಟೆಯಂತೆ ಕುಲುಕಿಕೊಂಡು ಹಿತ್ತಲು ಸೇರಿದಳು. ಒಂದು ಪಕ್ಕ ಬೆನ್ನಿ, ಇನ್ನೊಂದು ಪಕ್ಕ ತೆಂಗಿನ ಗಿಡ, ನಡುವೆ ಅವಳು. ಮರುದಿನವೇ ಹೊತ್ತವರೆಲ್ಲರ ಟಿಕೇಟು ಹೋಯಿತು.

ಈಗ ಆ ಮುದುಕನಿಗೆ ಫಿಬಾಳ ಪಕ್ಕ ಬೇಕಂತೆ.

ಸಭೆಯ ಬಿಳಿಯ ಪಾದ್ರಿ ವಿಟ್ಲೋ ಬೇರೆಯದೇ ಏರ್ಪಾಟು ಮಾಡಿಕೊಂಡಿದ್ದ. ಮುದುಕ ಇನ್ನೂ ಉಸಿರಾಡುತ್ತಿರುವಾಗಲೇ ಚರ್ಚಿನ ಮುಂಬಾಗಿಲ ಎದುರು ಗುಂಡಿ ತೋಡಿಸಿ, ಒಳಗೆ ಇಟ್ಟಿಗೆ ಕಟ್ಟಿಸಿಯಾಗಿತ್ತು. ಕಿಂಗ್‌ಸ್ಟನ್ನಿನಿಂದ ದೊಡ್ಡ ಮನುಷ್ಯರು ಬರುವವರಿದ್ದರು. ಅಮೃತಶಿಲೆ ಹಡಗಿನಲ್ಲಿ ಬರುತ್ತಿತ್ತು. ಪಾದ್ರಿ ಎಫ್ರಾಯಿಮನನ್ನು ಹಿಂದಿಟ್ಟುಕೊಂಡು ಟಲಕ್ ಮಲಗುತ್ತಿದ್ದ ಹಿಂದಿನ ಕೋಣೆಗೆ ಬಂದು, ಹೆಣದ ಮುಂದೆ ತಲೆ ಬಾಗಿ, ಡಾರ್ಕಸ್‌ಳಿಗೆ ಸಮಾಧಾನ ಹೇಳಲು ಬಾಯಿ ತೆರೆದ.

“ಚರ್ಚಿನ ಮುಂದೆ ಬೇಡ” ಎಂದಳು ಡಾರ್ಕಸ್. “ಅವ್ವನ ಪಕ್ಕ ಅಂತ ಬಾಯಾರೆ ಹೇಳಿದಾನೆ.”

“ಸಹೋದರಿ ಡಾರ್ಕಸ್, ಜ್ವರದ ತಾಪದಲ್ಲಿ ಮನುಷ್ಯರು ಏನೇನನ್ನೋ ನುಡಿಯುತ್ತಾರೆ.” ಗುಡ್ಡಕ್ಕೆ ಬಂದು ಇಷ್ಟು ಕಾಲವಾದರೂ ಪಾದ್ರಿಯ ಮಾತು ಇನ್ನೂ ಬೂಟು ಬಿಚ್ಚಿರಲಿಲ್ಲ. “ಅವರು ನಿಮ್ಮೊಬ್ಬರ ತಂದೆಯಲ್ಲ. ಇಡೀ ಸಭೆಯ ತಂದೆ.”

“ಹೌದು, ಅದನ್ನ ನೋಡಿದೀನಿ. ಸಭೆಗೆ ಕೊಟ್ಟು ಮಿಕ್ಕಿದ್ದು ನಮಗೆ ಬರ್ತಿತ್ತು. ಏನೂ ಮಿಗ್ತಿರ್ಲಿಲ್ಲ.”

ಎಫ್ರಾಯಿಮ್ ಈಗ ಸಭೆಯ ಮುಖ್ಯ ಹಿರಿಯ, ಹೊಟ್ಟೆಯೂ ಹಿರಿದಾಗಿತ್ತು. ಅವನು ಮುಂದೆ ಬಂದ. “ಅಪ್ಪ ಹೇಳಿದ್ದನ್ನ ಕೇಳ್ದೋರು ಯಾರವ್ವ? ನೀನೊಬ್ಳೇ ತಾನೆ? ಟಿಕೇಟಿಲ್ದೋಳ ಪಕ್ಕ ಅಪ್ಪನ್ನ ಮಲಗ್ಸಿದ್ರೆ ಜನ ಏನಂತಾರೆ?”

ಡಾರ್ಕಸ್‌ಳ ಕಣ್ಣು ಕೆಂಪಗಾಯಿತು. “ನಿನ್ನ ಟಿಕೇಟಿಗೆ ಬೆಂಕಿ ಹಾಕ! ಅವಳ ಪಕ್ಕ ಮಲಗೇ ತಾನೆ ನಿಮ್ಮಪ್ಪ ನನ್ನ ಹುಟ್ಸಿದ್ದು? ಆವಾಗ ದೀಪ ಹಿಡ್ಕೊಂಡು ಟಿಕೇಟು ಹುಡುಕಿದ್ನಾ?”

ಪಾದ್ರಿಯ ಕಿವಿ ಟೊಮೇಟೊ ಬಣ್ಣಕ್ಕೆ ಬಂತು. ಹೆಣದ ಮುಂದೆ ಇಂಥ ಮಾತೇ ಎಂದು ಗೊಣಗಿ, ನಾಳೆ ಮಧ್ಯಾಹ್ನ ಮೆರವಣಿಗೆ, ಆಮೇಲೆ ಚರ್ಚಿನ ಮುಂದೆಯೇ ಸಮಾಧಿ, ಇದು ತೀರ್ಮಾನವಾದ ವಿಷಯ ಎಂದು ಹೇಳಿ ಹೊರಟ. ಎಫ್ರಾಯಿಮ್ ಮಾತ್ರ ಬಾಗಿಲಲ್ಲಿ ಒಂದು ಗಳಿಗೆ ನಿಂತು, ಸತ್ತವನ ಮುಖ ನೋಡಿ ಹೋದ.

ಡಾರ್ಕಸ್‌ಳಿಗೆ ತನ್ನ ಮೇಲೇ ರೇಗಿತು. ಯಾಕೆ ಇವನ ಪರವಾಗಿ ಜಗಳ ಆಡಿದೆ? ಬಿದ್ದಿರಲಿ ಆ ಇಟ್ಟಿಗೆ ಗುಂಡಿಯಲ್ಲಿ, ಕಿಂಗ್‌ಸ್ಟನ್ನಿನವರು ಬಂದು ಟೋಪಿ ತೆಗೆದು ನಿಲ್ಲಲಿ, ಅವ್ವ ತನ್ನ ಪಾಡಿಗೆ ತೆಂಗಿನ ನೆರಳಲ್ಲಿ ತಣ್ಣಗಿರಲಿ. ಅರ್ಧ ಮನಸ್ಸು ಹೀಗೆ ಅನ್ನುತ್ತಿತ್ತು. ಇನ್ನರ್ಧ ಮನಸ್ಸಿನಲ್ಲಿ ಅವ್ವ ಹೊಸಿಲ ಮೇಲೆ ಕೂತು, ತಡವಾದರೂ ಬರ್ತಾನೆ ಕಣೇ ಎನ್ನುತ್ತಿದ್ದಳು. ಇವನನ್ನು ಕರೆದುಕೊಂಡು ಹೋಗಿ ಒಪ್ಪಿಸದಿದ್ದರೆ ಆ ಹುಚ್ಚು ಹೆಂಗಸು ಮಣ್ಣಿನ ಅಡಿಯಿಂದಲೂ ದಾರಿ ನೋಡುತ್ತಲೇ ಇರುತ್ತಾಳೆ. ಡಾರ್ಕಸ್‌ಳಿಗೆ ಇಬ್ಬರ ಮೇಲೂ ಸಿಟ್ಟು ಬಂದು, ಹೆಣದ ಕಾಲಿಗೆ ಕಟ್ಟಿದ ಪಟ್ಟಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದು ಕಟ್ಟಿದಳು.

ಮರುದಿನ ಅಷ್ಟು ಜನ ಗುಡ್ಡದಲ್ಲಿ ಹಿಂದೆಂದೂ ಸೇರಿರಲಿಲ್ಲ. ಹೊಳೆಯಾಚೆಯ ತೋಟಗಳಿಂದ ನಡೆದು ಬಂದವರು, ಅವನ ಕೈಯಲ್ಲಿ ದೀಕ್ಷೆ ಪಡೆದವರು, ಅವನು ರಮ್ಮು ಬಿಡಿಸಿದವರು, ಬಿಡಿಸಿದ ಮೇಲೆ ಮತ್ತೆ ಹಿಡಿದವರು, ಎಲ್ಲರೂ ಬಿಳಿ ಬಟ್ಟೆಯಲ್ಲಿದ್ದರು. ಸಭೆಯ ಹಿರಿಯರೇ ಪೆಟ್ಟಿಗೆಗೆ ಹೆಗಲು ಕೊಟ್ಟರು, ಮುಂದಿನ ಬಲಗಡೆ ಎಫ್ರಾಯಿಮ್. ಪೆಟ್ಟಿಗೆಯನ್ನು ಹೊರಗಿನವರು ಒಬ್ಬರೂ ಮುಟ್ಟದಂತೆ ನೋಡಿಕೊಳ್ಳುವವರೂ ಅವರೇ. ಊರು ಸುತ್ತಿ ಚರ್ಚಿಗೆ ಮರಳುವುದು ಎಂದು ಪಾದ್ರಿ ಅಪ್ಪಣೆ ಕೊಟ್ಟಿದ್ದ. ಅವನೂ ಕಿಂಗ್‌ಸ್ಟನ್ನಿನ ಅತಿಥಿಗಳೂ ಮುಂದೆ, ಕೀರ್ತನೆ ಹಾಡುವವರು ಅವರ ಹಿಂದೆ, ಆಮೇಲೆ ಪೆಟ್ಟಿಗೆ. ಪೆಟ್ಟಿಗೆಯ ಹಿಂದೆಯೇ ಡಾರ್ಕಸ್, ಯಾರ ಕೈಯನ್ನೂ ಹಿಡಿಯದೆ, ಯಾರ ಜತೆಯೂ ಹಾಡದೆ.

ಬೂರುಗದ ಮರದ ಹತ್ತಿರ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಚರ್ಚು, ಎಡಕ್ಕೆ ಹತ್ತಿದರೆ ಫಿಬಾಳ ಮನೆ. ಮುದಿ ಕ್ವಾಕೋ ಅಲ್ಲಿ ಕಲ್ಲುಗೋಡೆಯ ಮೇಲೆ ಕೂತು ಕಬ್ಬು ಸಿಗಿಯುತ್ತಿದ್ದ. ಟಿಕೇಟು ಹೋದಂದಿನಿಂದ ಅವನು ಯಾವ ಮೆರವಣಿಗೆಗೂ ಸೇರಿದವನಲ್ಲ. ಪಾದ್ರಿ ದಾಟಿದ, ಅತಿಥಿಗಳು ದಾಟಿದರು, ಹಾಡುವವರು ದಾಟಿದರು. ಪೆಟ್ಟಿಗೆ ನಿಂತಿತು.

ಹಿಂದಿದ್ದವರು ಒಬ್ಬರ ಬೆನ್ನಿಗೊಬ್ಬರು ಡಿಕ್ಕಿ ಹೊಡೆದರು. ಹಾಡು ಮುಂದೆ ಮುಂದೆ ಹೋಗಿ, ಹಿಂದೆ ಯಾರೂ ಇಲ್ಲವೆಂದು ಗೊತ್ತಾಗಿ, ಅರ್ಧ ಸಾಲಿನಲ್ಲಿ ಸತ್ತುಹೋಯಿತು. ಪೆಟ್ಟಿಗೆ ಬಲಕ್ಕೆ ವಾಲಿತು, ಎಡಕ್ಕೆ ವಾಲಿತು, ಹಿರಿಯರು ತಡವರಿಸುತ್ತ ಒಂದು ಸುತ್ತು ತಿರುಗಿದರು. ನಿಂತಾಗ ಪೆಟ್ಟಿಗೆಯ ತಲೆ ಫಿಬಾಳ ಮನೆಯ ಕಡೆಗಿತ್ತು.

“ಏನಿದು ಹುಚ್ಚಾಟ?” ಪಾದ್ರಿ ಓಡಿ ಬಂದ. “ಎಫ್ರಾಯಿಮ್! ನೀವೇ? ಈ ಅಜ್ಞಾನದ ವಿರುದ್ಧ ಈ ಮಹನೀಯರು ಜೀವಮಾನವಿಡೀ ಹೋರಾಡಿದರು!”

“ನಾನಲ್ಲ ಅಯ್ನೋರೆ.” ಎಫ್ರಾಯಿಮನ ಮುಖದಲ್ಲಿ ಬೆವರು ಧಾರೆ ಕಟ್ಟಿತ್ತು. “ದೇವರಾಣೆ ನಾನಲ್ಲ. ನಾನು ಚರ್ಚಿನ ಕಡೆಗೇ ತಳ್ತಾ ಇದೀನಿ. ಅಪ್ಪ ಆ ಕಡೆ ತಳ್ತಾನೆ.”

“ಈ ಕ್ಷಣವೇ ನಡೆಯದಿದ್ದರೆ ಆರೂ ಜನರ ಟಿಕೇಟು ಕಿತ್ತುಕೊಳ್ಳುತ್ತೇನೆ!”

ಕ್ವಾಕೋ ಕಬ್ಬಿನ ಸಿಪ್ಪೆ ಉಗಿದ. “ಕಿತ್ಕೊಳ್ಳಿ ಅಯ್ನೋರೆ. ಆಮೇಲೆ ಹೆಣಾನ ಟಿಕೇಟಿಲ್ದೋರು ಹೊತ್ತಂಗಾಗುತ್ತೆ. ಅದಕ್ಕಿಂತ ಬನ್ನಿ, ಹೆಂಗೂ ನಂಗೆ ಅಭ್ಯಾಸ ಐತೆ, ನಾನೇ ಹೊರ್ತೀನಿ.”

ಜನರಲ್ಲಿ ಒಬ್ಬಳು ಕಿಸಕ್ಕೆಂದಳು. ಡಾರ್ಕಸ್ ನಗಲಿಲ್ಲ. ಅವಳು ಹೊತ್ತವರ ಕಾಲುಗಳನ್ನೇ ನೋಡುತ್ತಿದ್ದಳು, ಯಾರ ಹಿಮ್ಮಡಿ ನೆಲಕ್ಕೆ ಊರಿದೆ, ಯಾರು ನಾಟಕ ಆಡುತ್ತಿದ್ದಾರೆ ಎಂದು. ಎಲ್ಲರ ಕಾಲೂ ಒಂದೇ ಸಮ ನಡುಗುತ್ತಿತ್ತು. ಗೊತ್ತಾಗಲಿಲ್ಲ. ಗೊತ್ತಾಗಬೇಕೆಂಬ ಆಸೆಯೂ ಅವಳಿಗೆ ಉಳಿಯಲಿಲ್ಲ.

ಆಗ ಪಾದ್ರಿ ಆ ಮಾತು ಆಡಿದ. “ಗಾಡಿ ತನ್ನಿ. ಯಾರಾದರೂ ಹೋಗಿ ಚರ್ಚಿನ ಗಾಡಿ ತನ್ನಿ.”

ಡಾರ್ಕಸ್ ಅಷ್ಟು ವರ್ಷ ಹಲ್ಲಿನ ಹಿಂದೆ ಕಟ್ಟಿಟ್ಟುಕೊಂಡದ್ದೆಲ್ಲ ಒಂದೇ ಸಲ ಬಾಯಿಗೆ ಬಂತು. ದಾರಿಗೆ ಅಡ್ಡ ನಿಂತಳು. “ಗಾಡಿ ತಂದ್ರೆ ಕತ್ತೆ ಕಾಲೂ ಮುರೀತೀನಿ, ಹೊಡ್ಕೊಂಡ್ ಬಂದೋನ ಕಾಲೂ ಮುರೀತೀನಿ! ಒಂದು ಸಲ ಗಾಡಿ ತಂದ್ರಿ. ನಮ್ಮವ್ವನ್ನ ಮೂಟೆ ಹೇರ್ದಂಗೆ ಹೇರಿದ್ರಿ. ಅವಳ ತಲೆ ಪೆಟ್ಟಿಗೆ ಒಳಗೆ ಡಬಡಬ ಅಂತ ಬಡ್ಕೊಳ್ತಾ ಇದ್ದದ್ದು ನನ್ನ ಕಿವೀಲಿ ಇನ್ನೂ ಐತೆ. ಇವನು ನಿಮ್ಮಪ್ಪ ಅಲ್ವೇನ್ರೋ? ಹೋಗಿ, ತನ್ನಿ ನೋಡೋಣ, ಯಾರಿಗೆ ಎದೆ ಐತೆ?”

ಯಾರೂ ಹೋಗಲಿಲ್ಲ. ಪಾದ್ರಿ ಒಬ್ಬೊಬ್ಬರ ಮುಖ ನೋಡಿದ. ಒಬ್ಬೊಬ್ಬರೂ ನೆಲ ನೋಡಿದರು. ಕೊನೆಗೆ ಅವನು ಅತಿಥಿಗಳ ಕಡೆಗೆ ತಿರುಗಿ, ಇಂಗ್ಲಿಷಿನಲ್ಲಿ ಏನೋ ಹೇಳಿ, ಕೋಟಿನ ಗುಂಡಿ ಹಾಕಿಕೊಂಡು ಅವರೊಂದಿಗೆ ಚರ್ಚಿನ ದಾರಿ ಹಿಡಿದ. ಬೆರಳೆಣಿಕೆಯ ಜನ ಅವನ ಹಿಂದೆ ಹೋದರು. ಪೆಟ್ಟಿಗೆ ಎಡಕ್ಕೆ ಹತ್ತತೊಡಗಿತು, ಎಷ್ಟು ವೇಗವಾಗಿ ಅಂದರೆ ಹಿರಿಯರು ಏದುಸಿರು ಬಿಟ್ಟುಕೊಂಡು ಅದರ ಜತೆ ಓಡಬೇಕಾಯಿತು.

ಡಾರ್ಕಸ್ ಅಡ್ಡದಾರಿಯಲ್ಲಿ ಹತ್ತಿ ಮೊದಲೇ ಮನೆ ಸೇರಿದಳು. ಪೆಟ್ಟಿಗೆ ಬಂದು ಬೇಲಿಯ ಬಾಗಿಲ ಮುಂದೆ ನಿಂತಿತು. ಜನರ ಮುಖದಲ್ಲಿ ಖುಷಿ ಕಾಣುತ್ತಿತ್ತು, ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. “ಬಾಗಿಲು ತೆಗಿ ಡಾರ್ಕಸಕ್ಕ, ಅಪ್ಪ ಮನೆಗೆ ಬಂದ” ಎಂದು ಯಾರೋ ಕೂಗಿದರು.

ಡಾರ್ಕಸ್ ಬಾಗಿಲಿಗೆ ಅಡ್ಡ ಹಾಕಿದ ಬಿದಿರಿನ ಗಳದ ಮೇಲೆ ಕೈಯಿಟ್ಟು ನಿಂತಿದ್ದಳು. ತೆಗೆಯಲಿಲ್ಲ. “ಇಳಿಸಿ ಕೆಳಗೆ” ಎಂದಳು.

“ಇಲ್ಲೇನಾ? ಬಿಸಿಲಲ್ಲೇನಾ?”

“ಹೂಂ, ಬಿಸಿಲಲ್ಲೇ. ಚರ್ಚಿನ ಬಾಗಿಲಲ್ಲಿ ನಮ್ಮವ್ವ ಕಾದ್ಳಲ್ಲ, ಆವಾಗ ನೆರಳಿತ್ತಾ?”

ಇಳಿಸಿದರು. ಕೆಂಪು ಮಣ್ಣಿನ ಮೇಲೆ, ಯಾವ ಹಾಸೂ ಇಲ್ಲದೆ, ಜೋಸಾಯ ಟಲಕ್ ಮಲಗಿದ. ಕ್ವಾಕೋ ಎಲ್ಲಿಂದಲೋ ಒಂದು ಹಾರೆ ಸಂಪಾದಿಸಿಕೊಂಡು ಬಂದು ಬೇಲಿಗೆ ಒರಗಿ ನಿಂತಿದ್ದ.

“ತಪ್ಪು ಮಾಡ್ದೋರು ಬಾಯಿ ಬಿಡೋವರ್ಗೂ ಪೆಟ್ಟಿಗೆ ಅಲುಗಲ್ಲ” ಎಂದಳು ಡಾರ್ಕಸ್. “ಅದು ತಾನೆ ಪದ್ಧತಿ? ಹೇಳ್ಲಿ. ನಾನು ಬಾಗಿಲು ತೆಗೀತೀನಿ.”

“ಅವನು ಸತ್ತೋಗಿದಾನಲ್ಲ ತಾಯಿ, ಏನಂತ ಹೇಳ್ತಾನೆ?” ಎಂದಳು ಹೊಳೆಯಾಚೆಯ ಒಬ್ಬ ಮುದುಕಿ.

“ಅವಳೂ ಸತ್ತೋಗಿದ್ಳು. ಆದ್ರೂ ಬಾಗಿಲಿಗೆ ಬಂದು ಕೇಳಿದ್ಳಲ್ಲ!”

ಎಫ್ರಾಯಿಮ್ ಹೆಗಲು ಉಜ್ಜಿಕೊಳ್ಳುತ್ತ ನಿಂತಿದ್ದವನು ಅಲ್ಲೇ ಕುಸಿದು ಕೂತ. ದೊಡ್ಡ ದೇಹ, ಕೂತಾಗ ಧೂಳೆದ್ದಿತು. “ನಾನ್ ಹೇಳ್ತೀನಿ” ಎಂದ. “ಅವತ್ತು ನಾನು ಒಳಗಿದ್ದೆ ಡಾರ್ಕಸ್. ಬಾಗಿಲ ಹಿಂದೆ, ಅಪ್ಪನ ಜತೆ. ಪೆಟ್ಟಿಗೆ ಬಾಗಿಲಿಗೆ ಬಡಿದಾಗ ಅಪ್ಪ ಎದ್ದ. ಅಗುಳಿಗೆ ಕೈ ಹಾಕ್ದ. ನಾನು ಕೈ ಹಿಡ್ಕೊಂಡೆ. ಈಗ ಹೊರಗೆ ಹೋದ್ರೆ ಇಷ್ಟು ವರ್ಷ ನೀನು ಸಾರಿದ್ದೆಲ್ಲ ಸುಳ್ಳಾಗುತ್ತೆ ಅಪ್ಪ, ಬೆಟ್ಟದ ತುಂಬ ತಮಟೆ ಬಡೀತಾರೆ ಅಂದೆ. ಕೂತ. ನೀನು ಬಾಗಿಲು ಗುದ್ದಿದಾಗ ಮತ್ತೆ ಎದ್ದ. ಮತ್ತೆ ಕೂರಿಸ್ದೆ. ಆಮೇಲೆ ಗಾಡಿ ತರಕ್ಕೆ ಹೋದೆ. ಅಪ್ಪಂದಲ್ಲ ತಪ್ಪು, ನಂದು.”

ಅವನು ಅಳುತ್ತಿದ್ದ. ಇದನ್ನು ಕೇಳಿ ಡಾರ್ಕಸ್ ಕರಗುತ್ತಾಳೆಂದು ಜನ ಎಣಿಸಿದರು. ಅವಳ ಮುಖ ಇನ್ನಷ್ಟು ಬಿಗಿದುಕೊಂಡಿತು. ಇಷ್ಟು ಕಾಲ ಟಲಕ್ ಕಲ್ಲು, ಕಲ್ಲಿಗೆ ಏನು ಹೇಳಿ ಏನು ಎಂದುಕೊಂಡಿದ್ದಳು. ಕಲ್ಲಲ್ಲ. ಎದ್ದಿದ್ದ. ಅಗುಳಿ ಮುಟ್ಟಿದ್ದ. ಅವಳು ಬಾಗಿಲನ್ನು ಗುದ್ದಿ ಗುದ್ದಿ ಬೆರಳು ಊದಿಸಿಕೊಳ್ಳುವಾಗ ಅವನು ಹಲಗೆಯ ಆಚೆ ಒಂದು ಮೊಳ ದೂರದಲ್ಲಿ ನಿಂತಿದ್ದ.

“ಕೈ ಅಂತೆ ಕೈ!” ಎಂದಳು, ಎಫ್ರಾಯಿಮನಿಗಲ್ಲ, ಪೆಟ್ಟಿಗೆಗೆ. ಬಗ್ಗಿ, ಮುಚ್ಚಳದ ಹತ್ತಿರ ಮುಖ ತಂದು. “ಕೇಳಿಸ್ತಾ ಟಲಕ್? ಇವನು ಕೈ ಹಿಡ್ಕೊಂಡನಂತೆ. ಬಿಳಿಯ ಮೇಸ್ತ್ರಿ ಬೆನ್ನು ಸುಲಿದ್ರೂ ನಿನ್ನ ಬಾಯಿ ಮುಚ್ಸಕ್ಕೆ ಆಗ್ಲಿಲ್ಲ. ಕೋಳ ಹಾಕಿದ್ರೂ ಹಾಡ್ದೆ. ಆವಾಗಿನ್ನೂ ಮೀಸೆ ಬರದ ಈ ಹೈದ ಕೈ ಹಿಡಿದ್ರೆ ಕೂತ್ಬಿಟ್ಯಾ? ಅವಳಿಗೋಸ್ಕರ ಒಂದು ಕೈ ಕೊಡವಕ್ಕೆ ಆಗ್ಲಿಲ್ವಾ ನಿನಗೆ? ಒಂದೇ ಒಂದು ಕೈ!”

ಪೆಟ್ಟಿಗೆಯ ಮುಚ್ಚಳವನ್ನು ಅಂಗೈಯಿಂದ ಧಡಧಡ ಬಡಿದಳು. ಹೆಂಗಸರು ಅವಳನ್ನು ಹಿಡಿಯಲು ಬಂದರು, ಕೈ ಕೊಡವಿಕೊಂಡಳು. ಆಮೇಲೆ ಹೋಗಿ ಹೊಸಿಲ ಮೇಲೆ ಕೂತಳು, ಅವ್ವ ಕೂರುತ್ತಿದ್ದ ಕಡೆಯೇ. ಜನರೂ ಅಲ್ಲಲ್ಲೇ ಕೂತರು. ಬೇಲಿಯ ಈಚೆ ಅವಳು, ಆಚೆ ಅವನು. ಜೀಗುಜ್ಜೆ ಮರದ ನೆರಳು ಅಂಗಳ ದಾಟಿ, ಬೇಲಿ ದಾಟಿ, ನಿಧಾನವಾಗಿ ಪೆಟ್ಟಿಗೆಯ ಮೇಲೆ ಏರಿತು. ಕೆಳಗೆ ಚರ್ಚಿನ ಗಂಟೆ ಒಂದಷ್ಟು ಹೊತ್ತು ಹೊಡೆದು ಬೇಸತ್ತು ನಿಂತುಹೋಯಿತು. ಯಾರೂ ಎದ್ದು ಹೋಗಲಿಲ್ಲ. ಯಾರೂ ಹಾಡಲೂ ಇಲ್ಲ.

ಸೂರ್ಯ ಬೆಟ್ಟದ ಹಿಂದೆ ಸರಿದಾಗ, ಅವ್ವನಿಗೆ ಅವತ್ತು ಗಾಡಿ ಬಂದ ಹೊತ್ತಿಗೆ, ಡಾರ್ಕಸ್ ಎದ್ದಳು. ಬಿದಿರಿನ ಗಳಗಳನ್ನು ಒಂದೊಂದಾಗಿ ಎಳೆದು ಪಕ್ಕಕ್ಕೆ ಎಸೆದಳು. ಎಫ್ರಾಯಿಮ್ ಎದ್ದು ಬಂದು ಪೆಟ್ಟಿಗೆಯ ಮುಂದಿನ ಬಲಗಡೆ ಕೈ ಹಾಕಿದ; ಅವಳು ಬೇಡವೆನ್ನಲಿಲ್ಲ. ಎಡಗಡೆಗೆ ಕ್ವಾಕೋ ಬಂದ. ಯಾವ ತಕರಾರೂ ಮಾಡದೆ ಪೆಟ್ಟಿಗೆ ಮೇಲೆದ್ದಿತು.

“ಎಲ್ಲಿ ಅಗೀಲಿ ಮಗಳೇ?” ಎಂದು ಕ್ವಾಕೋ ಕೇಳಿದ.

ಡಾರ್ಕಸ್ ಹಿತ್ತಲಿನ ಕಡೆಗೆ ನಡೆದಳು. ತೆಂಗಿನ ಮರ ಈಗ ಮನೆಗಿಂತ ಎತ್ತರವಾಗಿತ್ತು. ಅದರ ಬುಡದಲ್ಲಿ ದೊಡ್ಡದೊಂದು ಗುಡ್ಡೆ, ಅದಕ್ಕೆ ಒತ್ತಿಕೊಂಡು ಚಿಕ್ಕದೊಂದು ಗುಡ್ಡೆ. ಅವಳು ಪೆಟ್ಟಿಗೆಯ ಕಡೆಗೆ ತಿರುಗಿದಳು. ದನಿ ಇನ್ನೂ ಗದರುವಂತೆಯೇ ಇತ್ತು.

“ಬಾ ಅಪ್ಪಾ. ಅಪ್ಪ ಅಂದೆ ಅಂತ ಉಬ್ಬಬೇಡ. ಪಕ್ಕದಲ್ಲಿ ಜಾಗ ಇಲ್ಲ, ಅಲ್ಲಿ ಬೆನ್ನಿ ಮಲಗಿದಾನೆ. ಅವ್ವನ ಕಾಲ ಹತ್ರ ಮಲಕ್ಕೊ. ಸದ್ದು ಮಾಡ್ಬೇಡ, ಮಗು ಎದ್ದೀತು.”